ಸ್ಪೋರ್ಟ್ಸ್ ಕಾರಿನ ಎಂಜಿನ್ ಶೀತಲೀಕರಣ ವ್ಯವಸ್ಥೆ

ಎಂಜಿನ್ನಿನ ಒಳಗೆ ಹುಟ್ಟಿ, ಗಾಲಿ ತಿರುಗಿಸುವ ಕೆಲಸಕ್ಕೆ ಒದಗದೆ ಉಳಿಯುವ ಶಾಖವನ್ನು ಹೊರಗಿನ ಗಾಳಿಗೆ ದಾಟಿಸುವ ಏರ್ಪಾಡು. ಗ್ಯಾರೇಜುಗಳಲ್ಲಿ ಇದಕ್ಕೆ ಕೂಲಿಂಗ್ ಸಿಸ್ಟಂ ಎಂದೇ ಹೆಸರು. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್, ಫ್ಯಾನ್, ಹೋಸ್ ಪೈಪು, ಒತ್ತಡ ತಡೆಯುವ ಮುಚ್ಚಳ, ಕೂಲಂಟ್, ಆಯಿಲ್ ಕೂಲರ್ ಇವು ಅದರ ಮುಖ್ಯ ಅಂಗಗಳು. ಮನೆಮಂದಿಯ ಸಾಧಾರಣ ಕಾರಿನಲ್ಲೂ ಇವುಗಳಲ್ಲಿ ಹೆಚ್ಚಿನವು ಇರುತ್ತವೆ. ಸ್ಪೋರ್ಟ್ಸ್ ಕಾರಿನಲ್ಲಿ ಇವುಗಳ ಕೆಲಸ ಹೆಚ್ಚು ಕಠಿಣ. ಎಂಜಿನ್ನಿನ ಗಾತ್ರಕ್ಕೆ ಹೋಲಿಸಿದರೆ ಅದರಿಂದ ತೆಗೆಯುವ ಶಕ್ತಿ ದೊಡ್ಡದು, ಹಾಗಾಗಿ ಶಾಖವೂ ದೊಡ್ಡದು. ಕಾರಿನ ಮೈ ನೆಲಕ್ಕೆ ತಗ್ಗಿ ಮೂಗು ಚೂಪಾಗಿರುವುದರಿಂದ ಗಾಳಿ ಒಳನುಗ್ಗುವ ಬಾಯಿ ಕಿರಿದು. ಎಷ್ಟೋ ಮಾದರಿಗಳಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದಿದ್ದರೆ, ತಣ್ಣನೆಯ ಗಾಳಿ ಸಿಗುವುದು ಕಾರಿನ ಮುಂಭಾಗದಲ್ಲಿ.

ನೀರಿನಿಂದ ತಣಿಯುವ ಎಂಜಿನ್, ಗಾಳಿಯಿಂದ ತಣಿಯುವ ಎಂಜಿನ್ ಎಂದು ವಿಂಗಡಿಸುವುದು ರೂಢಿ. ವಾಸ್ತವದಲ್ಲಿ ಪ್ರತಿಯೊಂದು ಕಾರೂ ಕೊನೆಗೆ ತಣಿಯುವುದು ಗಾಳಿಯಿಂದಲೇ. ಸಿಲಿಂಡರಿನ ಗೋಡೆಯಿಂದ ಗಾಳಿಯವರೆಗೆ ಶಾಖ ಯಾವ ದಾರಿ ಹಿಡಿಯುತ್ತದೆ, ಆ ದಾರಿಯಲ್ಲಿ ಎಲ್ಲೆಲ್ಲಿ ತಡೆ ಬೀಳಬಹುದು ಎಂಬುದನ್ನು ತಿಳಿದರೆ ವ್ಯವಸ್ಥೆ ಅರ್ಥವಾದಂತೆ. ಆ ತಡೆಗಳನ್ನು ತೆಗೆಯುತ್ತಿರುವುದೇ ನಿರ್ವಹಣೆ. ಈ ಲೇಖನದಲ್ಲಿ ಮುಖ್ಯ ನಿದರ್ಶನವಾಗಿ ಜರ್ಮನಿಯ ಪೋರ್ಷೆ 911 ಕಾರನ್ನು ಆಯ್ದುಕೊಳ್ಳಲಾಗಿದೆ. ಹಿಂಬದಿಯಲ್ಲಿ ಆರು ಸಿಲಿಂಡರಿನ ಬಾಕ್ಸರ್ ಎಂಜಿನ್ ಇಟ್ಟುಕೊಂಡ ಈ ಕಾರು ಮೂರು ದಶಕಕ್ಕೂ ಹೆಚ್ಚು ಕಾಲ ಗಾಳಿ ಮತ್ತು ಆಯಿಲಿನಿಂದ ತಣಿಯುತ್ತಿತ್ತು. ಆಮೇಲೆ ಅದೇ ಜಾಗದಲ್ಲಿ ಅದೇ ಬಗೆಯ ಎಂಜಿನ್ ಇಟ್ಟುಕೊಂಡು ನೀರಿಗೆ ಹೊರಳಿತು. ಎರಡು ಪದ್ಧತಿಗಳನ್ನೂ ಒಂದೇ ಕಾರಿನಲ್ಲಿ ಎದುರುಬದುರು ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಶಾಖದ ಲೆಕ್ಕ

ಪೆಟ್ರೋಲಿನಲ್ಲಿರುವ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಮಾತ್ರ ಕ್ರ್ಯಾಂಕ್‌ಶಾಫ್ಟಿಗೆ ತಲಪುತ್ತದೆ. ಇನ್ನೊಂದು ಭಾಗ ಸೈಲೆನ್ಸರಿನ ಮೂಲಕ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದು ಲೋಹಕ್ಕೆ ಇಳಿಯುತ್ತದೆ. ಇದು ಸ್ಥೂಲ ಲೆಕ್ಕ. ಎಂಜಿನ್ನಿನ ವೇಗ, ಹೊರೆಗಳಿಗೆ ತಕ್ಕಂತೆ ಪಾಲುಗಳು ಬದಲಾಗುತ್ತವೆ. 300 ಅಶ್ವಶಕ್ತಿ ಎಂದರೆ ಸುಮಾರು 220 ಕಿಲೋವ್ಯಾಟ್. ಅಷ್ಟು ಶಕ್ತಿಯನ್ನು ಪೂರ್ತಿಯಾಗಿ ದುಡಿಸಿಕೊಳ್ಳುವ ಹೊತ್ತಿನಲ್ಲಿ 100 ಕಿಲೋವ್ಯಾಟನ್ನೂ ಮೀರಿದ ಶಾಖವನ್ನು ಕೂಲಿಂಗ್ ಸಿಸ್ಟಂ ಹೊತ್ತು ಹಾಕಬೇಕಾಗುತ್ತದೆ.

ದಹನದ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಸಿಲಿಂಡರಿನ ಗೋಡೆಗೆ ಅಂಟಿಕೊಂಡ ಆಯಿಲಿನ ತೆಳು ಪೊರೆ ಇನ್ನೂ ಎಷ್ಟೋ ಕಡಿಮೆ ಶಾಖಕ್ಕೇ ಸೋಲುತ್ತದೆ. ಶಾಖ ಹೊರಹೋಗದಿದ್ದರೆ ಪೆಟ್ರೋಲು ಕಾಲಕ್ಕೆ ಮುಂಚೆ ಸಿಡಿದು ಎಂಜಿನ್ ಬಡಿಯಲು ತೊಡಗುತ್ತದೆ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡು ಎಂಜಿನ್ ಸೀಜ್ ಆಗುತ್ತದೆ.

ಹಾಗೆಂದು ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಎಂದು ತಿಳಿಯಬಾರದು. ತಣ್ಣಗಿರುವ ಎಂಜಿನ್ನಿನಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ, ಪೆಟ್ರೋಲು ಪೂರ್ತಿ ಆವಿಯಾಗದೆ ಸಿಲಿಂಡರಿನ ಗೋಡೆ ತೊಳೆದು ಆಯಿಲಿಗೆ ಸೇರುತ್ತದೆ, ಬಿಡಿಭಾಗಗಳ ನಡುವಿನ ಸಂದು ಸರಿಯಾದ ಅಳತೆಗೆ ಬಂದಿರುವುದಿಲ್ಲ. ವ್ಯವಸ್ಥೆಯ ಗುರಿ ಎಂಜಿನ್ನನ್ನು ಒಂದು ಹದದ ಬಿಸಿಯಲ್ಲಿ ಅಲುಗದಂತೆ ಹಿಡಿದಿಡುವುದು. ನೀರಿನಿಂದ ತಣಿಯುವ ಎಂಜಿನ್ನುಗಳಲ್ಲಿ ಆ ಹದ ಸಾಮಾನ್ಯವಾಗಿ 85ರಿಂದ 105 ಡಿಗ್ರಿಯ ನಡುವೆ ಬೀಳುತ್ತದೆ.

ಇತಿಹಾಸದ ಒಂದು ನೋಟ

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ವಾಹನದಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಆ ಮಾದರಿಯ ವಾಹನದಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದಾಗ ದಾರಿಯುದ್ದಕ್ಕೂ ಸಿಕ್ಕಲ್ಲಿ ನೀರು ತುಂಬಿಸಿಕೊಳ್ಳಬೇಕಾಯಿತು. ಈ ತೊಡಕನ್ನು ಬಿಡಿಸಿದವನು ವಿಲ್ಹೆಲ್ಮ್ ಮೇಬಾಕ್. 1901ರ ಮಾರ್ಚಿನಲ್ಲಿ ಫ್ರಾನ್ಸಿನ ನೀಸ್ ಪಟ್ಟಣದ ಸ್ಪರ್ಧೆಗಳಲ್ಲಿ ಗೆದ್ದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಅವನು ಜೇನುಗೂಡಿನ ರಚನೆಯ ರೇಡಿಯೇಟರ್ ಕೊಟ್ಟ. 6 ಮಿಲಿಮೀಟರ್ ಚೌಕದ 8070 ಪುಟ್ಟ ನಳಿಗೆಗಳನ್ನು ಬೆಸೆದು ಮಾಡಿದ ಅದರಲ್ಲಿ ನೀರಿಗೂ ಗಾಳಿಗೂ ನಡುವಿನ ಲೋಹದ ಮೇಲ್ಮೈ ಎಷ್ಟೋ ಪಟ್ಟು ಹಿಗ್ಗಿತು. 9 ಲೀಟರ್ ನೀರು ಸಾಕಾಯಿತು. ವೇಗದ ಕಾರು ಎಂಬ ಪ್ರಕಾರ ರೂಪುಗೊಂಡದ್ದರಲ್ಲಿ ಈ ರೇಡಿಯೇಟರಿನ ಪಾಲು ಎಂಜಿನ್ನಿನ ಪಾಲಿಗಿಂತ ಕಡಿಮೆಯದಲ್ಲ. ಇತಿಹಾಸ ಬರೆಯುವವರು ಇದಕ್ಕೆ ತಕ್ಕ ಗೌರವ ಕೊಟ್ಟಿಲ್ಲ.

ಆಮೇಲಿನ ದಶಕಗಳಲ್ಲಿ ಪ್ರಶ್ನೆ ರೇಡಿಯೇಟರಿನ ರಚನೆಯಿಂದ ಅದನ್ನು ಇಡುವ ಜಾಗಕ್ಕೆ ಸರಿಯಿತು. 1961ರ ಜಾಗ್ವಾರ್ ಇ-ಟೈಪ್ ಕಾರಿನ ಅಂದದ ಮೂಗಿನಲ್ಲಿ ಗಾಳಿಯ ಬಾಯಿ ಕಿರಿದಾಗಿತ್ತು, ಫ್ಯಾನು ದುರ್ಬಲವಾಗಿತ್ತು. ಊರೊಳಗಿನ ನಿಧಾನದ ಓಡಾಟದಲ್ಲಿ ಅದು ಬಿಸಿಯೇರುತ್ತಿತ್ತು. 1968ರಲ್ಲಿ ಬಂದ ಎರಡನೇ ಸರಣಿಯಲ್ಲಿ ಬಾಯಿಯನ್ನು ಅಗಲಿಸಿ ಎರಡು ಎಲೆಕ್ಟ್ರಿಕ್ ಫ್ಯಾನು ಕೂರಿಸಿದರು. 1970ರ ಲೋಟಸ್ 72 ರೇಸ್ ಕಾರು ರೇಡಿಯೇಟರನ್ನು ಮೂಗಿನಿಂದ ಕಿತ್ತು ಎರಡು ಪಕ್ಕೆಗಳಿಗೆ ಸಾಗಿಸಿತು. ಮೂಗು ಬೆಣೆಯಂತೆ ಚೂಪಾಯಿತು, ತೂಕ ಎಂಜಿನ್ನಿನ ಹತ್ತಿರಕ್ಕೆ ಬಂತು. ಫೆರಾರಿಯ ಬರ್ಲಿನೆಟ್ಟಾ ಬಾಕ್ಸರ್ ಕಾರುಗಳಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇದ್ದು, ನಡುವೆ ಬಿಸಿನೀರಿನ ಪೈಪು ಹಾದುಹೋಗಿ ಒಳಗೆ ಕುಳಿತವರು ಬೇಯುತ್ತಿದ್ದರು. 1984ರ ಟೆಸ್ಟರೋಸಾದಲ್ಲಿ ರೇಡಿಯೇಟರುಗಳನ್ನು ಎಂಜಿನ್ನಿನ ಪಕ್ಕಕ್ಕೇ ತಂದರು. ಅದರ ಬಾಗಿಲಿನುದ್ದಕ್ಕೂ ಕಾಣುವ ಪಟ್ಟಿಗಳು ಆ ಗಾಳಿದಾರಿಯ ಬಾಯಿಗೆ ಹಾಕಿದ ಜಾಲರಿ. 2005ರ ಬುಗಾಟಿ ವೇರಾನ್ ಕಾರಿನಲ್ಲಿ ಒಟ್ಟು 10 ರೇಡಿಯೇಟರುಗಳಿವೆ.

ಗಾಳಿ ಮತ್ತು ಆಯಿಲಿನ ಕಾಲ: 1964ರಿಂದ 1998

911 ಮೊದಲು ಕಾಣಿಸಿಕೊಂಡದ್ದು 1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ತಯಾರಿಕೆ ಆರಂಭವಾದದ್ದು 1964ರಲ್ಲಿ. 2 ಲೀಟರಿನ ಮೊದಲ ಎಂಜಿನ್ 130 ಅಶ್ವಶಕ್ತಿ ಕೊಡುತ್ತಿತ್ತು. ಅದರ ರೂಪಣೆಯಲ್ಲಿ ತರುಣ ಎಂಜಿನಿಯರ್ ಹಾನ್ಸ್ ಮೆಟ್ಸ್‌ಗರ್ ಅವರ ಕೈ ಇತ್ತು. ಎಂಜಿನ್ನಿನ ಮೇಲೆ ಎದ್ದು ಕಾಣುವ ದೊಡ್ಡ ಫ್ಯಾನು ಹಿಂಬದಿಯ ಮುಚ್ಚಳದ ಜಾಲರಿಯಿಂದ ಗಾಳಿ ಎಳೆದುಕೊಂಡು ಕೆಳಮುಖವಾಗಿ ಒತ್ತುತ್ತದೆ. ಫೈಬರ್‌ಗ್ಲಾಸಿನ ಹೊದಿಕೆ ಆ ಗಾಳಿಯನ್ನು ಎಡಬಲದ ಮೂರು ಮೂರು ಸಿಲಿಂಡರುಗಳಿಗೆ ಹಂಚುತ್ತದೆ. ಸಿಲಿಂಡರು ಮತ್ತು ಹೆಡ್ಡುಗಳ ಹೊರಮೈಗೆ ಎರಕ ಹೊಯ್ದ ತೆಳು ಲೋಹದ ಏಣುಗಳ ನಡುವೆ ಗಾಳಿ ನುಸುಳಿ, ಬಿಸಿಯಾಗಿ, ಕಾರಿನ ಅಡಿಯಿಂದ ಹೊರಬೀಳುತ್ತದೆ.

ಆದರೆ ಗಾಳಿಯೊಂದರಿಂದಲೇ ಈ ಎಂಜಿನ್ ತಣಿಯುತ್ತಿತ್ತು ಎನ್ನುವುದು ಅರ್ಧ ಸತ್ಯ. ಆಯಿಲಿನ ಪಾಲು ಬಹಳ ದೊಡ್ಡದು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲದಂತೆ ಪಂಪು ಅದನ್ನು ಎತ್ತಿ ಬೇರೆ ಟ್ಯಾಂಕಿಗೆ ಕಳಿಸುತ್ತದೆ; ಇದಕ್ಕೆ ಡ್ರೈ ಸಂಪ್ ಎನ್ನುತ್ತಾರೆ. ಸಾಧಾರಣ ಕಾರಿನ ನಾಲ್ಕೈದು ಲೀಟರಿನ ಬದಲು ಇದರಲ್ಲಿ ಹತ್ತು ಲೀಟರಿನ ಆಸುಪಾಸು ಆಯಿಲ್ ಓಡಾಡುತ್ತದೆ. ಎಂಜಿನ್ನಿಗೇ ಅಂಟಿಕೊಂಡ ಒಂದು ಆಯಿಲ್ ಕೂಲರ್ ಮೊದಲಿನಿಂದಲೂ ಇತ್ತು. ಶಕ್ತಿ ಏರಿದಂತೆ ಅದು ಸಾಲದಾಯಿತು. 1969ರ 911 ಎಸ್ ಮಾದರಿಯಲ್ಲಿ ಮುಂಗಾಲಿಯ ಬಲ ಮಡ್ಗಾರ್ಡಿನೊಳಗೆ ಇನ್ನೊಂದು ಕೂಲರ್ ಬಂತು. ಆಯಿಲ್ ಸಾಕಷ್ಟು ಬಿಸಿಯಾದ ಮೇಲೆ ಥರ್ಮೋಸ್ಟಾಟ್ ತೆರೆದು, ಅದು ಕಾರಿನ ಉದ್ದಕ್ಕೂ ಹಾಯ್ದ ಪೈಪಿನಲ್ಲಿ ಮುಂದಕ್ಕೆ ಹೋಗಿ ತಣಿದು ಹಿಂದಿರುಗುತ್ತದೆ. ಹಿಂಬದಿಯಲ್ಲಿ ಎಂಜಿನ್ ಇಟ್ಟ ಕಾರು ತಣ್ಣನೆಯ ಗಾಳಿ ಹುಡುಕಿಕೊಂಡು ಮೂಗಿನ ಕಡೆಗೆ ಹೊರಟದ್ದು ಇಲ್ಲಿಂದಲೇ.

ಈ ವ್ಯವಸ್ಥೆಗೆ ತುಂಬ ಕಷ್ಟ ಬಂದದ್ದು 1970ರ ದಶಕದ ನಡುವೆ. 1974ರಿಂದ 1977ರವರೆಗಿನ 2.7 ಲೀಟರ್ ಎಂಜಿನ್ನುಗಳ ಕ್ರ್ಯಾಂಕ್‌ಕೇಸು ಮೆಗ್ನೀಸಿಯಂ ಮಿಶ್ರಲೋಹದ್ದು. ಸಿಲಿಂಡರು, ಹೆಡ್ಡುಗಳನ್ನು ಅದಕ್ಕೆ ಬಿಗಿದ ಸ್ಟಡ್ಡುಗಳು ಉಕ್ಕಿನವು. ಬಿಸಿಯಾದಾಗ ಇವೆರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಅಮೆರಿಕದ ಹೊಗೆ ನಿಯಮಗಳಿಗಾಗಿ ಸೇರಿಸಿದ ಥರ್ಮಲ್ ರಿಯಾಕ್ಟರ್ ಎಂಬ ಸಾಧನ, ಉರಿಯದೆ ಉಳಿದ ಇಂಧನವನ್ನು ಹೆಡ್ಡಿನ ಪಕ್ಕದಲ್ಲೇ ಉರಿಸಿ ಅಲ್ಲಿನ ಬಿಸಿಯನ್ನು ಇನ್ನಷ್ಟು ಏರಿಸಿತು. ಅದೇ ವರ್ಷಗಳ ಕೆಲವು ಕಾರುಗಳಲ್ಲಿ ಹನ್ನೊಂದು ಅಲಗಿನ ಫ್ಯಾನಿನ ಬದಲು ಐದು ಅಲಗಿನದನ್ನು ಹಾಕಿದ್ದರು. ಮೃದು ಮೆಗ್ನೀಸಿಯಂನಲ್ಲಿ ಕೊರೆದ ಮರೆ ಕಿತ್ತು ಸ್ಟಡ್ಡುಗಳು ಮೇಲೆದ್ದವು, ಹೆಡ್ ಸಡಿಲವಾಗಿ ಸೋರಿಕೆ ಶುರುವಾಯಿತು. ಇಂದು ಆ ಎಂಜಿನ್ನುಗಳನ್ನು ಬಿಚ್ಚಿ ಕಟ್ಟುವವರು ಸ್ಟಡ್ ಕೂರುವ ತೂತುಗಳಿಗೆ ಉಕ್ಕಿನ ಒಳತೊಡಿಗೆ ಹಾಕದೆ ಮುಂದುವರಿಯುವುದಿಲ್ಲ. 1978ರ 911 ಎಸ್‌ಸಿ ಮಾದರಿಯಿಂದ ಕ್ರ್ಯಾಂಕ್‌ಕೇಸು ಅಲ್ಯೂಮಿನಿಯಂಗೆ ಬದಲಾಯಿತು. ಲೋಹ, ಕಾನೂನು, ಫ್ಯಾನು ಎಂಬ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ತೀರ್ಮಾನಗಳು ಕೂಡಿ ಒಂದು ಎಂಜಿನ್ನನ್ನು ಹೇಗೆ ಸುಡಬಲ್ಲವು ಎಂಬುದಕ್ಕೆ ಈ ಪ್ರಸಂಗ ಕಣ್ಣು ತೆರೆಸುವ ಪಾಠ.

ಗಾಳಿಯಿಂದ ತಣಿಯುವ 911ರ ನಿರ್ವಹಣೆ ಕಡಿಮೆ, ಆದರೆ ಅದರಲ್ಲಿ ಸಡಿಲಿಕೆ ಕೂಡದು. ಫ್ಯಾನನ್ನೂ ಆಲ್ಟರ್ನೇಟರನ್ನೂ ತಿರುಗಿಸುವುದು ಬೆಲ್ಟು. ಹಳೆಯ ಮಾದರಿಗಳಲ್ಲಿ ಎರಡಕ್ಕೂ ಒಂದೇ ಬೆಲ್ಟು. ಅದು ಹರಿದರೆ ಬ್ಯಾಟರಿ ಚಾರ್ಜಿನ ಕೆಂಪು ದೀಪ ಹತ್ತುತ್ತದೆ. ಬೇರೆ ಕೆಲವು ಕಾರುಗಳಲ್ಲಿ ಆ ದೀಪ ಕಂಡರೂ ಸ್ವಲ್ಪ ದೂರ ಓಡಿಸಬಹುದು. ಇಲ್ಲಿ ಅದರರ್ಥ ಫ್ಯಾನು ನಿಂತಿದೆ ಎಂದು. ಆ ಕ್ಷಣವೇ ಎಂಜಿನ್ ಆರಿಸಬೇಕು. ಎಂಜಿನ್ನಿನ ಸುತ್ತ ಕೂರಿಸಿದ ತಗಡು ಮತ್ತು ರಬ್ಬರ್ ಪಟ್ಟಿ ಮೇಲಿನ ತಣ್ಣನೆಯ ಗಾಳಿಯನ್ನೂ ಕೆಳಗಿನ ಬಿಸಿಗಾಳಿಯನ್ನೂ ಬೇರ್ಪಡಿಸುತ್ತವೆ. ರಿಪೇರಿಯ ನಂತರ ಒಂದು ತಗಡನ್ನು ಹಾಕದೆ ಬಿಟ್ಟರೆ ಅಥವಾ ರಬ್ಬರ್ ಒಣಗಿ ಕಿತ್ತುಹೋಗಿದ್ದರೆ ಫ್ಯಾನು ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಏಣುಗಳ ನಡುವೆ ಸೋರಿದ ಆಯಿಲಿಗೆ ಧೂಳು ಮೆತ್ತಿಕೊಂಡು ಹೊದಿಕೆಯಾಗುವುದು, ಬಹಳ ದಿನ ನಿಂತ ಕಾರಿನಲ್ಲಿ ಇಲಿ ಗೂಡು ಕಟ್ಟುವುದು ಹೊರಗಿನಿಂದ ಕಾಣುವುದೇ ಇಲ್ಲ. ನಿಲ್ಲಿಸಿಟ್ಟು ವರ್ಷಗಳಾದ ಕಾರನ್ನು ಮತ್ತೆ ಓಡಿಸುವ ಮೊದಲು ಹೊದಿಕೆ ಬಿಚ್ಚಿ ನೋಡುವುದು ಕಡ್ಡಾಯವೆಂದೇ ಭಾವಿಸಬೇಕು.

ನೀರಿನತ್ತ ಹೊರಳಿದ್ದು

ಒಂದು ಲೀಟರ್ ನೀರು ಅಷ್ಟೇ ಗಾತ್ರದ ಗಾಳಿಗಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಶಾಖ ಹೊರಬಲ್ಲದು. ಈ ಮೇಲುಗೈ ನಿರ್ಣಾಯಕವಾಗುವುದು ಸಿಲಿಂಡರ್ ಹೆಡ್ಡಿನಲ್ಲಿ. ಒಂದು ಸಿಲಿಂಡರಿಗೆ ನಾಲ್ಕು ವಾಲ್ವ್ ಇಟ್ಟರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ, ಆದರೆ ಎಕ್ಸಾಸ್ಟ್ ವಾಲ್ವುಗಳ ನಡುವಿನ ಇಕ್ಕಟ್ಟಾದ ಲೋಹಕ್ಕೆ ಗಾಳಿ ತಲಪುವುದಿಲ್ಲ, ನೀರು ತಲಪುತ್ತದೆ. ಪೋರ್ಷೆ ಇದನ್ನು ಮೊದಲು ರೇಸಿನಲ್ಲಿ ಒಪ್ಪಿಕೊಂಡಿತು. 1978ರ 935/78 ರೇಸ್ ಕಾರಿನಲ್ಲಿ ಹೆಡ್ಡುಗಳಿಗೆ ನೀರು, ಸಿಲಿಂಡರುಗಳಿಗೆ ಗಾಳಿ ಎಂಬ ಮಿಶ್ರ ಪದ್ಧತಿ ಬಂತು. 1982ರ ಲೆ ಮಾನ್ಸ್ ಸ್ಪರ್ಧೆಯಲ್ಲಿ ಮೊದಲ ಮೂರೂ ಸ್ಥಾನ ಪಡೆದ 956ರಲ್ಲೂ, ರಸ್ತೆಗಿಳಿದ 450 ಅಶ್ವಶಕ್ತಿಯ 959ರಲ್ಲೂ ಇದೇ ಪದ್ಧತಿ ಮುಂದುವರಿಯಿತು.

ರಸ್ತೆಯ 911 ಮಾತ್ರ 1998ರವರೆಗೆ ಗಾಳಿಗೇ ಅಂಟಿಕೊಂಡಿತ್ತು. ಆ ಹೊತ್ತಿಗೆ ಯುರೋಪಿನ ಸದ್ದಿನ ನಿಯಮಗಳು ಬಿಗಿಯಾಗಿದ್ದವು. ನೀರಿನ ಕವಚ ಎಂಜಿನ್ನಿನ ಸದ್ದನ್ನು ನುಂಗುತ್ತದೆ, ಬರಿ ಏಣುಗಳು ಅದನ್ನು ಹೊರಸೂಸುತ್ತವೆ. ಹೊಗೆಯ ನಿಯಮಗಳಿಗೆ ಬೇಕಾದ ಕರಾರುವಾಕ್ಕಾದ ಉಷ್ಣತೆ ಹಿಡಿದಿಡುವುದೂ ನೀರಿನಿಂದಲೇ ಸುಲಭ. 1996ರ ಬಾಕ್ಸ್‌ಸ್ಟರ್ ಮತ್ತು 1997ರಲ್ಲಿ ತೋರಿಸಿದ 996 ಮಾದರಿಯ 911 ಪೂರ್ತಿ ನೀರಿನಿಂದ ತಣಿಯುವ ಬಾಕ್ಸರ್ ಎಂಜಿನ್ ಹೊತ್ತು ಬಂದವು. ಅಭಿಮಾನಿಗಳಲ್ಲಿ ಹಲವರಿಗೆ ಇದು ದ್ರೋಹವೆನಿಸಿತು. ಶಾಖದ ಲೆಕ್ಕ ನೋಡಿದರೆ ಬೇರೆ ದಾರಿ ಇರಲಿಲ್ಲ.

996ರಲ್ಲಿ ನೀರಿನ ದಾರಿ

ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟಿನ ಮೂಲಕ ತಿರುಗುವ ವಾಟರ್ ಪಂಪು ಕೂಲಂಟನ್ನು ಸಿಲಿಂಡರುಗಳ ಸುತ್ತಲೂ ಹೆಡ್ಡುಗಳ ಒಳಗೂ ತಳ್ಳುತ್ತದೆ. ಎಂಜಿನ್ ತಣ್ಣಗಿರುವಷ್ಟು ಹೊತ್ತು ಥರ್ಮೋಸ್ಟಾಟ್ ಮುಚ್ಚಿರುತ್ತದೆ. ದ್ರವ ಎಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಥರ್ಮೋಸ್ಟಾಟಿನಲ್ಲಿ ತಂತಿಯಿಲ್ಲ, ಕರೆಂಟಿಲ್ಲ. ಪುಟ್ಟ ಲೋಹದ ಕುಪ್ಪಿಯೊಳಗಿನ ಮೇಣ ಕರಗಿ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. 996ರಲ್ಲಿ ಇದು ತೆರೆಯಲಾರಂಭಿಸುವುದು 86 ಡಿಗ್ರಿಯಲ್ಲಿ. ಆಮೇಲೆ ಕೂಲಂಟ್ ಕಾರಿನ ತಳದುದ್ದಕ್ಕೂ ಹಾಯ್ದ ಪೈಪಿನಲ್ಲಿ ಮುಂದಕ್ಕೆ ಹೋಗಿ, ಮುಂಗಾಲಿಗಳ ಮುಂದೆ ಎಡಕ್ಕೊಂದು ಬಲಕ್ಕೊಂದು ಇರುವ ರೇಡಿಯೇಟರುಗಳಲ್ಲಿ ಶಾಖ ಬಿಟ್ಟು ಹಿಂದಿರುಗುತ್ತದೆ. ಆಟೋಮ್ಯಾಟಿಕ್ ಗೇರಿನವು, ಟರ್ಬೊ ಮತ್ತು ಜಿಟಿ3 ಮಾದರಿಗಳಿಗೆ ನಡುವೆ ಮೂರನೆಯದೂ ಇದೆ. ದಾರಿ ಇಷ್ಟು ಉದ್ದವಾದ್ದರಿಂದ ಒಟ್ಟು ಕೂಲಂಟ್ 20 ಲೀಟರನ್ನು ಮೀರುತ್ತದೆ. ಆಯಿಲಿನ ಶಾಖವನ್ನೂ ಎಂಜಿನ್ನಿನ ಮೇಲಿರುವ ವಿನಿಮಯ ಪೆಟ್ಟಿಗೆಯ ಮೂಲಕ ಇದೇ ನೀರಿಗೆ ದಾಟಿಸುತ್ತಾರೆ.

ಒತ್ತಡದ ಮುಚ್ಚಳದ ಮಹತ್ವ ಅನೇಕರಿಗೆ ತಿಳಿದಿರುವುದಿಲ್ಲ. ಅಡುಗೆಮನೆಯ ಕುಕ್ಕರಿನಲ್ಲಿ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುವುದು ಯಾವ ತತ್ವದಿಂದಲೋ, ಕೂಲಂಟ್ ಕುದಿಯದೆ ಇರುವುದೂ ಅದರಿಂದಲೇ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲಿನಲ್ಲಿ ಬೆರೆತ ದ್ರವ ಬಯಲಿನಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ; ಮುಚ್ಚಳ ಒಂದು ಬಾರ್ ಒತ್ತಡ ಹಿಡಿದರೆ ಕುದಿಬಿಂದು 125 ಡಿಗ್ರಿಯನ್ನೂ ದಾಟುತ್ತದೆ. ಮುಚ್ಚಳದ ಸ್ಪ್ರಿಂಗ್ ಸೋತರೆ ಅಥವಾ ರಬ್ಬರ್ ಒಡೆದರೆ ಈ ರಕ್ಷಣೆ ಪೂರ್ತಿ ಹೋಗುತ್ತದೆ. ಹೆಡ್ಡಿನ ಬಿಸಿ ಮೂಲೆಗಳಲ್ಲಿ ಆವಿ ಕಟ್ಟಿಕೊಂಡು ಲೋಹಕ್ಕೂ ದ್ರವಕ್ಕೂ ಸಂಪರ್ಕ ತಪ್ಪುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಘಟ್ಟದ ರಸ್ತೆಯಲ್ಲಿ ಕಾರು ಓಡಿಸುವವರು ಮುಚ್ಚಳದ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕಾದದ್ದು ಇದಕ್ಕೇ. ಅಷ್ಟು ದೊಡ್ಡ ಕೆಲಸ ಮಾಡುವ ಆ ಮುಚ್ಚಳ ಇಡೀ ವ್ಯವಸ್ಥೆಯಲ್ಲಿ ಬಹುಶಃ ಅತಿ ಅಗ್ಗದ ಬಿಡಿಭಾಗ.

ಕೂಲಂಟ್

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಬರೀ ನೀರು ಸಾಕು ಎಂಬ ನಂಬಿಕೆ ದಕ್ಷಿಣ ಭಾರತದ ಗ್ಯಾರೇಜುಗಳಲ್ಲಿ ಇನ್ನೂ ಉಳಿದಿದೆ. ಸಮಪಾಲಿನ ಮಿಶ್ರಣ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ ಎನ್ನುವುದು ನಮಗೆ ಬೇಡದ ಗುಣ, ನಿಜ. ನಮಗೆ ಬೇಕಾದದ್ದು ಅದರ ಇನ್ನೆರಡು ಗುಣ: ಕುದಿಬಿಂದು ಏರಿಸುವುದು ಮತ್ತು ತುಕ್ಕು ತಡೆಯುವುದು. ಒಂದೇ ದ್ರವದಲ್ಲಿ ಅಲ್ಯೂಮಿನಿಯಂ, ಉಕ್ಕು, ತಾಮ್ರ, ಬೆಸುಗೆಯ ಲೋಹ ಎಲ್ಲ ನೆನೆದಿರುವಾಗ ಅವುಗಳ ನಡುವೆ ಸಣ್ಣ ವಿದ್ಯುತ್ಕೋಶಗಳು ಹುಟ್ಟಿ ದುರ್ಬಲ ಲೋಹ ಸವೆಯುತ್ತದೆ. ಕೂಲಂಟಿನಲ್ಲಿರುವ ರಾಸಾಯನಿಕಗಳು ಲೋಹದ ಮೇಲೆ ಕಾಪಿನ ಪೊರೆ ಕಟ್ಟುತ್ತವೆ. ವರ್ಷಗಳು ಕಳೆದಂತೆ ಅವು ಮುಗಿದುಹೋಗುತ್ತವೆ. ದ್ರವದ ಬಣ್ಣ ಚೆನ್ನಾಗಿಯೇ ಕಾಣುತ್ತಿರಬಹುದು. ಕಾರಿನ ಕೈಪಿಡಿ ಹೇಳುವ ಅವಧಿಗೆ, ಅದು ಗೊತ್ತಿಲ್ಲದಿದ್ದರೆ ನಾಲ್ಕೈದು ವರ್ಷಕ್ಕೊಮ್ಮೆ, ಬದಲಿಸುವುದು ವಿವೇಕ. ಹಳೆಯ ಹಸಿರು ಕೂಲಂಟುಗಳಿಗೆ ಎರಡು ವರ್ಷವೇ ಮಿತಿ.

ಬಣ್ಣ ನೋಡಿ ಕೂಲಂಟ್ ಕೊಳ್ಳುವುದು ತಪ್ಪು. ಹಸಿರು, ಗುಲಾಬಿ, ಕಿತ್ತಳೆ, ನೀಲಿ ಬಣ್ಣಗಳಿಗೆ ಎಲ್ಲ ತಯಾರಕರೂ ಒಪ್ಪಿದ ನಿಯಮವಿಲ್ಲ. ಸಿಲಿಕೇಟ್ ಇರುವ ಜಾತಿಯನ್ನೂ ಸಾವಯವ ಆಮ್ಲದ ಜಾತಿಯನ್ನೂ ಬೆರೆಸಿದರೆ ಕೆಲವೊಮ್ಮೆ ಲೋಳೆಯಂತೆ ಹೆಪ್ಪುಗಟ್ಟಿ ರೇಡಿಯೇಟರಿನ ಸಣ್ಣ ನಳಿಗೆ ಮುಚ್ಚುತ್ತದೆ. ಕಾರು ತಯಾರಕರು ಹೇಳಿದ ಮಾನಕದ ಹೆಸರು ಡಬ್ಬಿಯ ಮೇಲೆ ಇದೆಯೇ ಎಂದು ಓದಿ ಕೊಳ್ಳಬೇಕು. ಡಬ್ಬಿಯಲ್ಲಿರುವುದು ನೀರು ಬೆರೆಸಿದ ಸಿದ್ಧ ದ್ರವವೋ ನೀರು ಸೇರಿಸಬೇಕಾದ ಗಟ್ಟಿ ದ್ರವವೋ ಎಂಬುದನ್ನೂ ನೋಡಬೇಕು. ಸಿದ್ಧ ದ್ರವಕ್ಕೆ ಮತ್ತೆ ನೀರು ಹೊಯ್ದರೆ ಕಾಪು ಅರ್ಧಕ್ಕಿಳಿಯುತ್ತದೆ. ಹಾಗೆಯೇ ನೀರೇ ಇಲ್ಲದ ಗಟ್ಟಿ ದ್ರವ ತುಂಬುವುದೂ ಕೆಡುಕು. ಶಾಖ ಹೊರುವುದರಲ್ಲಿ ಗ್ಲೈಕಾಲ್ ನೀರಿಗಿಂತ ಹಿಂದೆ.

ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಬೇಕು. ಕೋಲಾರ, ತುಮಕೂರು ಕಡೆಯ ಆಳದ ಬೋರ್‌ವೆಲ್ ನೀರಿನ ಗಡಸುತನ ಮನೆಯ ಗೀಸರಿನ ಕಾಯಿಲ್ ಮೇಲೆ ಬಿಳಿ ಹಕ್ಕಳೆಯಾಗಿ ಕೂರುವುದನ್ನು ಎಲ್ಲರೂ ಕಂಡಿದ್ದಾರೆ. ಸಿಲಿಂಡರ್ ಹೆಡ್ಡಿನೊಳಗೆ ಅದೇ ಹಕ್ಕಳೆ ಅತಿ ಬಿಸಿಯಾದ ಜಾಗದಲ್ಲೇ ಮೊದಲು ಕಟ್ಟುತ್ತದೆ, ಶಾಖ ದಾಟಬೇಕಾದಲ್ಲೇ ತಡೆ ಒಡ್ಡುತ್ತದೆ. ರೇಡಿಯೇಟರ್ ಸೋರಿಕೆ ನಿಲ್ಲಿಸುವ ಪುಡಿ, ಅಂಟುದ್ರವಗಳನ್ನು ಸ್ಪೋರ್ಟ್ಸ್ ಕಾರಿಗೆ ಸುರಿಯಲೇಬಾರದು.

ನಿರ್ವಹಣೆ: ಮೂಗಿನಿಂದ ಬಾಲದವರೆಗೆ

996 ಮತ್ತು ಅದರ ಮುಂದಿನ ಪೀಳಿಗೆಗಳಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಮುಂದಿನ ಬಂಪರಿನ ಬಾಯಿಗಳನ್ನು. ನೆಲಕ್ಕೆ ತಗ್ಗಿರುವ ಆ ಬಾಯಿಗಳು ತರಗೆಲೆ, ಪ್ಲಾಸ್ಟಿಕ್ ಚೀಲ, ಮಣ್ಣು ಎಲ್ಲವನ್ನೂ ಹೀರುತ್ತವೆ. ರೇಡಿಯೇಟರಿನ ಮುಂದೆ ಎಸಿಯ ಕಂಡೆನ್ಸರ್ ನಿಂತಿದೆ. ಕಸ ಸೇರಿಕೊಳ್ಳುವುದು ಎರಡರ ನಡುವಿನ ಸಂದಿಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಕೊಳೆತ ಎಲೆ ಒದ್ದೆಯಾಗಿಯೇ ಉಳಿದು ಅಲ್ಯೂಮಿನಿಯಂ ತಿನ್ನುತ್ತದೆ. ವರ್ಷಕ್ಕೊಮ್ಮೆಯಾದರೂ ಬಂಪರ್ ಬಿಚ್ಚಿ, ಕಂಡೆನ್ಸರನ್ನು ಪೈಪು ಕಳಚದೆ ಸ್ವಲ್ಪ ಮುಂದಕ್ಕೆ ಸರಿಸಿ, ಮೃದು ಬ್ರಷ್ಷು ಮತ್ತು ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಒತ್ತಡದ ನೀರು ಬಿಟ್ಟರೆ ತೆಳು ಏಣುಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ. ರೇಡಿಯೇಟರಿನ ಸುತ್ತ ಇರುವ ಸ್ಪಂಜಿನ ಪಟ್ಟಿ, ಕಾರಿನ ತಳದ ಪ್ಲಾಸ್ಟಿಕ್ ಹಲಗೆ ಇವು ಅಲಂಕಾರಕ್ಕಲ್ಲ. ಗಾಳಿ ಸುಲಭದ ದಾರಿ ಹುಡುಕುತ್ತದೆ. ಪಕ್ಕದಲ್ಲಿ ಸಂದು ಸಿಕ್ಕರೆ ರೇಡಿಯೇಟರಿನೊಳಗೆ ಹಾಯದೆ ಅಲ್ಲಿಂದ ಜಾರಿಹೋಗುತ್ತದೆ.

ವೇಗದಲ್ಲಿ ಓಡುವಾಗ ಎದುರುಗಾಳಿಯೇ ಸಾಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ನಿಂತಾಗ ಫ್ಯಾನುಗಳೇ ಗತಿ. 996ರ ಫ್ಯಾನುಗಳಿಗೆ ನಿಧಾನ, ವೇಗ ಎಂಬ ಎರಡು ಹಂತಗಳಿವೆ. ನಿಧಾನದ ಹಂತವನ್ನು ನಡೆಸುವ ರೆಸಿಸ್ಟರ್ ಸುಟ್ಟುಹೋಗುವುದು ಸಾಮಾನ್ಯ ದೋಷ. ಎಸಿ ಹಾಕಿದ ಕೂಡಲೇ ಎರಡೂ ಬದಿಯ ಫ್ಯಾನು ತಿರುಗಬೇಕು. ಮುಂಗಾಲಿಯ ಬಳಿ ಕಿವಿಗೊಟ್ಟು ನಿಂತರೆ ಪರೀಕ್ಷೆ ಮುಗಿಯಿತು.

ವಾಟರ್ ಪಂಪು ಸವೆಯುವ ವಸ್ತು ಎಂದೇ ತಿಳಿಯಬೇಕು. ಈ ಎಂಜಿನ್ನಿನ ಮೂಲ ಪಂಪಿನ ಒಳಚಕ್ರ ಪ್ಲಾಸ್ಟಿಕ್ಕಿನದು. ಅದು ಮುರಿದರೆ ಚೂರುಗಳು ಹೆಡ್ಡಿನ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡು, ಹೊಸ ಪಂಪು ಹಾಕಿದ ಮೇಲೂ ತೊಂದರೆ ಕೊಡುತ್ತವೆ. ಲೋಹದ ಚಕ್ರದ ಪಂಪು ಹಾಕಿಸುವವರಿದ್ದಾರೆ. ಬೇರಿಂಗ್ ಸಡಿಲವಾದಾಗ ಆ ಚಕ್ರ ಎಂಜಿನ್ನಿನ ಮೈಯನ್ನೇ ಕೆರೆಯುವ ಅಪಾಯವಿದೆ. ಪ್ಲಾಸ್ಟಿಕ್ಕಿನದನ್ನೇ ಹಾಕಿ, ಮುರಿಯುವ ಮೊದಲೇ ಬದಲಿಸುತ್ತಿರುವುದು ಉತ್ತಮ. ಪಂಪು ಬಿಚ್ಚಿದಾಗ ಥರ್ಮೋಸ್ಟಾಟನ್ನೂ ಹೋಸುಗಳನ್ನೂ ಒಟ್ಟಿಗೆ ನೋಡಬೇಕು. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಯಲ್ಲಿ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು, ಯಾವ ಬಿಸಿಗೆ ತೆರೆಯುತ್ತದೆ ಎಂದು ಪರೀಕ್ಷಿಸಬಹುದು. ಎಂಜಿನ್ ಬಿಸಿಯೇರುತ್ತದೆ ಎಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಹಳೆಯ ಗ್ಯಾರೇಜು ಪದ್ಧತಿ ಇಲ್ಲಿ ಸಲ್ಲದು. ಎಂಜಿನ್ ಹದಕ್ಕೇ ಬರದೆ ಸವೆಯುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ. 71 ಡಿಗ್ರಿಗೇ ತೆರೆಯುವ ಥರ್ಮೋಸ್ಟಾಟುಗಳೂ ಮಾರುಕಟ್ಟೆಯಲ್ಲಿವೆ. ರೇಡಿಯೇಟರಿಗೆ ಸಾಮರ್ಥ್ಯ ಮಿಕ್ಕಿದ್ದರೆ ಮಾತ್ರ ಅವುಗಳಿಂದ ಪ್ರಯೋಜನ. ಕಸ ತುಂಬಿದ ರೇಡಿಯೇಟರಿಗೆ ಅವು ಪರಿಹಾರವಾಗಲಾರವು.

996ರ ಟರ್ಬೊ, ಜಿಟಿ2, ಜಿಟಿ3 ಮಾದರಿಗಳಲ್ಲಿ ಬಳಸಿದ, ಮೆಟ್ಸ್‌ಗರ್ ಹೆಸರಿನಿಂದಲೇ ಪ್ರಸಿದ್ಧವಾದ ಎಂಜಿನ್ನಿನ ದೌರ್ಬಲ್ಯ ಬೇರೆ. ಕೂಲಂಟ್ ಪೈಪಿನ ತುದಿಗಳನ್ನು ಎರಕದ ಮೈಗೆ ಅಂಟಿನಿಂದ ಕೂರಿಸಲಾಗಿದೆ. ವರ್ಷಗಳ ಬಿಸಿ-ತಂಪಿನ ಸುತ್ತುಗಳಲ್ಲಿ ಅಂಟು ಸೋತು ಪೈಪು ಒಮ್ಮೆಲೇ ಕಳಚಿಕೊಂಡರೆ ಹಿಂಗಾಲಿಗಳ ಮುಂದೆ ಕೂಲಂಟ್ ಸುರಿಯುತ್ತದೆ. ವೇಗದಲ್ಲಿದ್ದರೆ ಕಾರು ಜಾರುತ್ತದೆ. ಬೆಸುಗೆ ಹಾಕಿಸುವುದು ಅಥವಾ ಪಿನ್ನು ತೂರಿಸಿ ಭದ್ರಪಡಿಸುವುದು ಇದಕ್ಕೆ ಶಾಶ್ವತ ಉಪಾಯ. ಟ್ರ್ಯಾಕಿಗೆ ಇಳಿಸುವ ಕಾರಿನಲ್ಲಿ ಇದನ್ನು ಮುಂದೂಡುವುದು ಸರಿಯಲ್ಲ.

ಖಾಲಿ ಮಾಡಿದ ವ್ಯವಸ್ಥೆಯನ್ನು ಮತ್ತೆ ತುಂಬುವುದು ಒಂದು ಕಲೆ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಉದ್ದದ ಪೈಪು ಇರುವುದರಿಂದ ಗಾಳಿಯ ಗುಳ್ಳೆ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳಬಹುದು. ಗ್ಯಾರೇಜಿನವರು ಏರ್ ಲಾಕ್ ಎನ್ನುವುದು ಇದನ್ನೇ. ತುಂಬುವಾಗ ಕೂಲಂಟ್ ಟ್ಯಾಂಕಿನ ಮೇಲಿರುವ ಪುಟ್ಟ ತಂತಿಯ ಕೊಂಡಿ ಎತ್ತಿ ಗಾಳಿ ಹೊರಬಿಡುವ ವಾಲ್ವ್ ತೆರೆದಿಡಬೇಕು. ಅದಕ್ಕಿಂತ ನಂಬಿಕಸ್ಥ ವಿಧಾನ ನಿರ್ವಾತದ್ದು: ಮೊದಲು ಒಳಗಿನ ಗಾಳಿಯನ್ನೆಲ್ಲ ಎಳೆದುಹಾಕಿ, ಆ ನಿರ್ವಾತವೇ ಕೂಲಂಟನ್ನು ಹೀರಿಕೊಳ್ಳುವಂತೆ ಮಾಡುತ್ತಾರೆ. ನಿರ್ವಾತ ನಿಲ್ಲದಿದ್ದರೆ ಎಲ್ಲೋ ಸೋರಿಕೆ ಇದೆ ಎಂಬುದೂ ಆಗಲೇ ತಿಳಿಯುತ್ತದೆ.

ದ್ರವ ಎಲ್ಲ ಸಿಲಿಂಡರುಗಳನ್ನೂ ಸಮನಾಗಿ ಮುಟ್ಟುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮಜ್ದಾ ಎಂಎಕ್ಸ್-5ರ ಮೊದಲೆರಡು ಪೀಳಿಗೆಗಳಲ್ಲಿ ಎಂಜಿನ್ ಮೂಲತಃ ಮುಂಗಾಲಿ ಚಾಲನೆಯ ಮನೆಬಳಕೆ ಕಾರಿನದು. ಅದನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದಾಗ ಜಾಗದ ಇಕ್ಕಟ್ಟಿನಿಂದ ಥರ್ಮೋಸ್ಟಾಟನ್ನು ಮುಂದಕ್ಕೆ ತಂದರು. ಕೂಲಂಟ್ ಮುಂದಿನಿಂದ ಒಳಬಂದು ಮುಂದಿನಿಂದಲೇ ಹೊರಹೋಗಿ, ಹಿಂದಿನ ನಾಲ್ಕನೇ ಸಿಲಿಂಡರಿಗೆ ಹರಿವು ಕಡಿಮೆಯಾಯಿತು. ಟರ್ಬೊ ಹಾಕಿಸುವವರು ಹೊರದಾರಿಯನ್ನು ಹಿಂದಕ್ಕೆ ಸಾಗಿಸಿಕೊಳ್ಳುತ್ತಾರೆ.

ದೋಷ ಹಿಡಿಯುವುದು

ಮೀಟರಿನ ಮುಳ್ಳನ್ನು ಪೂರ್ತಿ ನಂಬಬಾರದು. ಈಚಿನ ಅನೇಕ ಕಾರುಗಳಲ್ಲಿ ಎಂಜಿನ್ನಿನ ನಿಜವಾದ ಬಿಸಿ ಒಂದು ಅಗಲವಾದ ಪಟ್ಟಿಯೊಳಗೆ ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲುಗುವ ಹೊತ್ತಿಗೆ ಸಮಯ ಮೀರಿರುತ್ತದೆ. ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಅಗ್ಗದ ಸ್ಕ್ಯಾನರ್ ಚುಚ್ಚಿ ಡಿಗ್ರಿಯ ಲೆಕ್ಕದಲ್ಲೇ ಓದುವುದು ಒಳ್ಳೆಯ ರೂಢಿ.

ಬಿಸಿ ಏರುವ ಸಂದರ್ಭವೇ ದೋಷದ ಜಾಡು ತೋರಿಸುತ್ತದೆ. ನಿಂತಾಗ ಏರಿ, ಓಡಿದಾಗ ಇಳಿದರೆ ಫ್ಯಾನನ್ನು ಶಂಕಿಸಬೇಕು. ವೇಗದಲ್ಲಿ ಏರಿದರೆ ರೇಡಿಯೇಟರ್ ಒಳಗೋ ಹೊರಗೋ ಕಟ್ಟಿಕೊಂಡಿದೆ, ಇಲ್ಲವೇ ಪಂಪು ಸೋತಿದೆ. ಹೊರಗೆಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಬಿರುಕು, ಆಯಿಲ್ ವಿನಿಮಯ ಪೆಟ್ಟಿಗೆ ಮೂರನ್ನೂ ನೋಡಬೇಕು. ಟ್ಯಾಂಕಿನಿಂದ ಬರುವ ಆವಿಯನ್ನು ನೀಲಿ ದ್ರವದ ಮೂಲಕ ಹಾಯಿಸುವ ಪರೀಕ್ಷೆಯಿದೆ. ದಹನದ ಅನಿಲ ಸೇರಿದ್ದರೆ ದ್ರವ ಹಳದಿಯಾಗುತ್ತದೆ. ಹೋಸಿನ ಕೊನೆಯಲ್ಲಿ ಒಣಗಿದ ಬಿಳಿ ಅಥವಾ ಗುಲಾಬಿ ಹಕ್ಕಳೆ, ಕಾರಿನೊಳಗೆ ಸಿಹಿಯಾದ ವಾಸನೆ ಸಣ್ಣ ಸೋರಿಕೆಯ ಗುರುತು. 996ರ ಪ್ಲಾಸ್ಟಿಕ್ ಕೂಲಂಟ್ ಟ್ಯಾಂಕು ವಯಸ್ಸಾದಂತೆ ಬಿರುಕು ಬಿಡುತ್ತದೆ.

ದಾರಿಯಲ್ಲಿ ಬಿಸಿಯೇರಿದರೆ ಎಸಿ ಆರಿಸಿ ಒಳಗಿನ ಹೀಟರನ್ನು ಪೂರ್ತಿ ತೆರೆಯಬೇಕು. ಅದೂ ಒಂದು ಪುಟ್ಟ ರೇಡಿಯೇಟರೇ. ಮುಳ್ಳು ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಿರುವಾಗ ಮುಚ್ಚಳ ತೆರೆಯಬಾರದು. ಒತ್ತಡ ತಪ್ಪಿದ ಕ್ಷಣವೇ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೈಸುಟ್ಟುಕೊಳ್ಳುವ ಅವಘಡಗಳಿಗೆ ಇದೇ ಕಾರಣ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು.

ಟ್ರ್ಯಾಕಿನಲ್ಲಿ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೆ ಟ್ರ್ಯಾಕುಗಳಿಗೆ ಬೆಂಗಳೂರಿನಿಂದ ಕಾರು ಒಯ್ಯುವವರಿದ್ದಾರೆ. ರಸ್ತೆಯಲ್ಲಿ ಯಾರೂ ಪೂರ್ಣ ಶಕ್ತಿಯನ್ನು ಕೆಲವು ಕ್ಷಣಕ್ಕಿಂತ ಹೆಚ್ಚು ಬಳಸುವುದಿಲ್ಲ. ಟ್ರ್ಯಾಕಿನಲ್ಲಿ ಅದು ಸುತ್ತು ಸುತ್ತಿಗೂ ಮರುಕಳಿಸುತ್ತದೆ, ಅದೂ 35 ಡಿಗ್ರಿ ದಾಟಿದ ಗಾಳಿಯಲ್ಲಿ. ರೇಡಿಯೇಟರ್ ಬಿಡುವ ಶಾಖ ಅದರ ಬಿಸಿಗೂ ಗಾಳಿಯ ಬಿಸಿಗೂ ಇರುವ ಅಂತರವನ್ನು ಅವಲಂಬಿಸಿದೆ. ಕೂಲಂಟ್ 100 ಡಿಗ್ರಿಯಲ್ಲಿದ್ದಾಗ, 15 ಡಿಗ್ರಿಯ ಜರ್ಮನ್ ಗಾಳಿಯಲ್ಲಿ ಆ ಅಂತರ 85, ನಮ್ಮಲ್ಲಿ 65. ಅದೇ ರೇಡಿಯೇಟರಿನ ಸಾಮರ್ಥ್ಯ ನಾಲ್ಕನೇ ಒಂದು ಭಾಗದಷ್ಟು ಕುಗ್ಗಿದಂತೆ. ಆಯಿಲಿನ ಬಿಸಿ ನೀರಿಗಿಂತ ತಡವಾಗಿ ಏರಿ ತಡವಾಗಿ ಇಳಿಯುವುದರಿಂದ ಎರಡೂ ಮೀಟರುಗಳ ಮೇಲೆ ಕಣ್ಣಿರಬೇಕು.

ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಒಳಬರುವುದು ಕಡ್ಡಾಯ. ಸುಡುವ ಎಂಜಿನ್ನನ್ನು ಒಮ್ಮೆಲೇ ಆರಿಸಿದರೆ ಹರಿವು ನಿಂತು, ಲೋಹದಲ್ಲಿರುವ ಶಾಖ ನಿಂತ ದ್ರವಕ್ಕೆ ಇಳಿದು ಅಲ್ಲಲ್ಲೇ ಕುದಿಸುತ್ತದೆ. ಹಲವು ಟರ್ಬೊ ಮಾದರಿಗಳಲ್ಲಿ ಎಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ಓಡುವ ಎಲೆಕ್ಟ್ರಿಕ್ ಪಂಪು ಇರುವುದು ಇದಕ್ಕಾಗಿಯೇ. ಅನೇಕ ರೇಸ್ ಸಂಘಟಕರು ಗ್ಲೈಕಾಲನ್ನು ನಿಷೇಧಿಸುತ್ತಾರೆ: ಟ್ರ್ಯಾಕಿನ ಮೇಲೆ ಚೆಲ್ಲಿದರೆ ಅದು ಬೇಗ ಆರದೆ ಹಿಂದೆ ಬರುವವರನ್ನು ಜಾರಿಸುತ್ತದೆ. ಅಂಥ ಕಡೆ ಡಿಸ್ಟಿಲ್ಡ್ ನೀರಿಗೆ ತುಕ್ಕು ತಡೆಯುವ ದ್ರವ ಮಾತ್ರ ಸೇರಿಸಿ ಓಡಿಸಿ, ಮನೆಗೆ ಮರಳಿದ ಮೇಲೆ ಮತ್ತೆ ಗ್ಲೈಕಾಲ್ ತುಂಬುತ್ತಾರೆ.

ಹಳೆಯ ಕೂಲಂಟಿನ ವಿಲೇವಾರಿ

ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ದೇಹಕ್ಕೆ ವಿಷ, ಮೂತ್ರಪಿಂಡ ಕೆಡಿಸುತ್ತದೆ. ಗ್ಯಾರೇಜಿನ ನೆಲದಲ್ಲಿ ಚೆಲ್ಲಿದ್ದನ್ನು ನೆಕ್ಕಿ ನಾಯಿ, ಬೆಕ್ಕುಗಳು ಸಾಯುತ್ತವೆ. ಚೆಲ್ಲಿದ ಕೂಡಲೇ ಬಟ್ಟೆಯಲ್ಲಿ ಹೀರಿಸಿ ಒರೆಸಿ ತೆಗೆಯಬೇಕು. ಬಳಸಿದ ದ್ರವದಲ್ಲಿ ಎಂಜಿನ್ನಿನಿಂದ ಸವೆದ ಲೋಹದ ಅಂಶವೂ ಸೇರಿರುವುದರಿಂದ ಅದನ್ನು ಚರಂಡಿಗೂ ಮಣ್ಣಿಗೂ ಸುರಿಯುವಂತಿಲ್ಲ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಕುಡಿಯುವ ನೀರಿನ ಬಾಟಲಿ ಬಳಸದೆ, ಮೇಲೆ ಹೆಸರು ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ಪರವಾನಗಿ ಪಡೆದವರಿಗೆ ಬೇರೆಯಾಗಿಯೇ ಒಪ್ಪಿಸಬೇಕು. ಆಯಿಲಿನ ಜೊತೆ ಬೆರೆಸಿದರೆ ಎರಡೂ ಮರುಬಳಕೆಗೆ ಬಾರದೆ ಹೋಗುತ್ತವೆ.